ಪ್ರಯೋಗಕ್ಕೊಂದು ಬೇಲಿ



ಇವತ್ತಿನ ಮಾತು ಧ್ವನಿಮುದ್ರಣದ ತಂತ್ರಾಂಶದ ಬಗ್ಗೆ. ಇನ್ನೂ ಪ್ರಯೋಗದ ಹಂತದಲ್ಲಿರುವ ತಂತ್ರಾಂಶವನ್ನು ನಮ್ಮ ಕಂಪ್ಯೂಟರಿನಲ್ಲಿ ನಾವೇ ಕಟ್ಟಿಕೊಳ್ಳುವುದು ಹೇಗೆ? ಹಾಗೆ ಕಟ್ಟಿಕೊಳ್ಳುವಾಗ ನಡೆಯುತ್ತಿರುವ ಕೆಲಸ ಕೆಡದಂತೆ ನೋಡಿಕೊಳ್ಳುವುದು ಹೇಗೆ? ಈ ಎರಡು ಪ್ರಶ್ನೆಗಳನ್ನು ಹಿಡಿದು ಮಾತಾಡುತ್ತೇನೆ.

ಈ ವಿಷಯ ನಮಗೆ ಯಾಕೆ ಬೇಕು ಅಂತ ಮೊದಲು ಹೇಳಬೇಕು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ. ಈ ಮೂರು ತಾಲೂಕುಗಳಲ್ಲಿ ಮುದ್ರಿಸಿಡಬೇಕಾದ ಧ್ವನಿ ಬೇಕಾದಷ್ಟಿದೆ. ದೀಪಾವಳಿಯ ರಾತ್ರಿ ಮನೆಮನೆಗೆ ದೀಪ ಹಿಡಿದು ಬರುವ ಅಂಟಿಗೆ ಪಂಟಿಗೆಯವರ ಪದಗಳಿವೆ. ಮಳೆಗಾಲದಲ್ಲಿ ಚಾವಡಿಯಲ್ಲಿ ನಡೆಯುವ ತಾಳಮದ್ದಲೆ ಇದೆ. ಶೃಂಗೇರಿಯಲ್ಲಿ ವೇದಪಾಠದ ಪರಂಪರೆ ಇದೆ. ನರಸಿಂಹರಾಜಪುರದ ಕಡೆ ಹೋದರೆ ಸಿಂಹನಗದ್ದೆಯ ಜೈನ ಬಸದಿ, ಬಾಳೆಹೊನ್ನೂರಿನ ರಂಭಾಪುರಿ ಪೀಠ, ಕೇರಳದಿಂದ ಬಂದು ನೆಲೆಸಿದ ಕ್ರೈಸ್ತ ಕುಟುಂಬಗಳ ಪ್ರಾರ್ಥನೆ. ಒಂದೊಂದಕ್ಕೂ ಒಂದೊಂದು ದನಿ. ಹಾಡುವ ಹಿರಿಯರಿಗೆ ವಯಸ್ಸಾಗುತ್ತಿದೆ. ಮುದ್ರಿಸುವ ಕೆಲಸವನ್ನು ಮುಂದಿನ ವರ್ಷಕ್ಕೆ ಅಂತ ತಳ್ಳುವ ಹಾಗಿಲ್ಲ.

ಮೊಬೈಲಿನಲ್ಲಿ ಮುದ್ರಿಸಿದರೆ ಸಾಲದೇ ಅಂತ ನೀವು ಕೇಳಬಹುದು. ಏನೂ ಇಲ್ಲದಿರುವುದಕ್ಕಿಂತ ಅದು ಖಂಡಿತ ಒಳ್ಳೆಯದು. ಆದರೆ ತಾಳಮದ್ದಲೆಯಂಥ ಕೂಟದಲ್ಲಿ ಭಾಗವತರ ದನಿಗೆ ಒಂದು ಮೈಕು, ಚಂಡೆ ಮದ್ದಲೆಗೆ ಒಂದು, ಎದುರುಬದುರು ಕೂತ ಅರ್ಥಧಾರಿಗಳಿಗೆ ಎರಡು ಬೇಕಾಗುತ್ತವೆ. ನಾಲ್ಕನ್ನೂ ಬೇರೆಬೇರೆಯಾಗಿ ಮುದ್ರಿಸಿಕೊಂಡರೆ ಚಂಡೆಯ ಅಬ್ಬರದಲ್ಲಿ ಮಾತು ಮುಚ್ಚಿಹೋಗದಂತೆ ಆಮೇಲೆ ಸರಿಪಡಿಸಬಹುದು. ಆ ಕೆಲಸಕ್ಕೆ ಸ್ಟುಡಿಯೋ ಮಟ್ಟದ ತಂತ್ರಾಂಶ ಬೇಕು. ಅದು ಇವತ್ತು ಉಚಿತವಾಗಿ, ಮುಕ್ತವಾಗಿ ಸಿಗುತ್ತದೆ. ಲಿನಕ್ಸಿನಲ್ಲಿ ಸಿಗುತ್ತದೆ.

ಲಿನಕ್ಸ್ ಅಂದರೇನು ಅಂತ ಎರಡು ಮಾತು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಬರೆಯಲು ಶುರುಮಾಡಿದ ಕಂಪ್ಯೂಟರ್ ವ್ಯವಸ್ಥೆಯ ತಿರುಳು ಅದು. ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗೂ ಅದೇ ಇದೆ. ಅದರ ಮೂಲ ಬರಹ, ಅಂದರೆ ಸೋರ್ಸ್ ಕೋಡ್, ಎಲ್ಲರಿಗೂ ತೆರೆದಿದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು.

ಈ ಲಿನಕ್ಸಿನಲ್ಲಿ ತಂತ್ರಾಂಶ ಹಾಕಿಕೊಳ್ಳಲು ಎರಡು ದಾರಿಗಳಿವೆ. ಒಂದು, ಬೇರೆಯವರು ಸಿದ್ಧಪಡಿಸಿಟ್ಟ ಪ್ಯಾಕೇಜನ್ನು ಇಳಿಸಿಕೊಳ್ಳುವುದು. ಉಬುಂಟು, ಡೆಬಿಯನ್ ಮುಂತಾದ ಲಿನಕ್ಸ್ ಬಗೆಗಳಲ್ಲಿ ಹೀಗೆ. ಇನ್ನೊಂದು, ಸೋರ್ಸ್ ಕೋಡನ್ನೇ ತಂದು ನಮ್ಮ ಯಂತ್ರದಲ್ಲಿ ಕಂಪೈಲ್ ಮಾಡುವುದು. ಅಂದರೆ ಮನುಷ್ಯರು ಓದುವ ಬರಹವನ್ನು ಯಂತ್ರ ನಡೆಸುವ ರೂಪಕ್ಕೆ ತರುವುದು. ಈ ಎರಡನೆಯ ದಾರಿಯಲ್ಲಿ ಹೆಸರಾದದ್ದು ಗೆಂಟೂ ಲಿನಕ್ಸ್. ಡೇನಿಯಲ್ ರಾಬಿನ್ಸ್ ಇದನ್ನು ಆರಂಭಿಸಿದರು. 2002ರಲ್ಲಿ ಇದರ ಮೊದಲ ಪೂರ್ಣ ಆವೃತ್ತಿ ಬಂತು.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ನಮ್ಮಲ್ಲಿ ಮುದ್ರಿಸಬೇಕಾದ ಧ್ವನಿ ಇದೆ. ಅದಕ್ಕೆ ಬೇಕಾದ ಮುಕ್ತ ತಂತ್ರಾಂಶವೂ ಇದೆ. ಅದನ್ನು ಸೋರ್ಸಿನಿಂದ ಕಟ್ಟಿಕೊಳ್ಳುವ ದಾರಿ ಗೆಂಟೂ. ಈಗ ಆ ದಾರಿ ಹೇಗಿದೆ ನೋಡೋಣ.

ಗೆಂಟೂವಿನಲ್ಲಿ ಪೋರ್ಟೇಜ್ ಎಂಬ ವ್ಯವಸ್ಥೆ ಇದೆ. ಪ್ರತಿ ತಂತ್ರಾಂಶಕ್ಕೂ ಒಂದು ಚಿಕ್ಕ ಕಡತ. ಅದಕ್ಕೆ ಇಬಿಲ್ಡ್ ಎನ್ನುತ್ತಾರೆ. ಸೋರ್ಸ್ ಎಲ್ಲಿ ಸಿಗುತ್ತದೆ, ಅದಕ್ಕೆ ಮೊದಲು ಏನೇನು ಇರಬೇಕು, ಹೇಗೆ ಕಂಪೈಲ್ ಮಾಡಬೇಕು, ಎಲ್ಲವೂ ಅದರಲ್ಲಿ ಬರೆದಿರುತ್ತದೆ. ನಾವು ಕೊಡುವ ಆಜ್ಞೆ ಎಮರ್ಜ್. ಅದರ ಮುಂದೆ ತಂತ್ರಾಂಶದ ಹೆಸರು. ಉದಾಹರಣೆಗೆ, ಆರ್ಡರ್. ಇದು ಅನೇಕ ಮೈಕುಗಳ ಧ್ವನಿಯನ್ನು ಒಟ್ಟಿಗೆ ಮುದ್ರಿಸಿ ಸಂಕಲಿಸುವ ತಂತ್ರಾಂಶ. ಇದನ್ನು ಬರೆದವರು ಪಾಲ್ ಡೇವಿಸ್. ಅಮೆಜಾನ್ ಸಂಸ್ಥೆಯ ಆರಂಭದ ಪ್ರೋಗ್ರಾಮರುಗಳಲ್ಲಿ ಅವರೂ ಒಬ್ಬರು. ಆಮೇಲೆ ತಮ್ಮ ದುಡಿಮೆಯನ್ನು ಮುಕ್ತ ಧ್ವನಿ ತಂತ್ರಾಂಶಕ್ಕೆ ಕೊಟ್ಟರು. ಆರ್ಡರಿನ ಸಿದ್ಧ ಆವೃತ್ತಿಯನ್ನು ಅವರ ತಾಣದಿಂದ ಪಡೆಯಲು ಒಂದಿಷ್ಟು ಹಣ ಕೊಡಬೇಕು. ಸೋರ್ಸ್ ಮಾತ್ರ ಎಲ್ಲರಿಗೂ ಉಚಿತ.

ಎಮರ್ಜ್ ಆಜ್ಞೆಗೆ ಪ್ರಿಟೆಂಡ್ ಎಂಬ ಸೂಚನೆಯನ್ನು ಸೇರಿಸಬಹುದು. ಹಾಗೆ ಸೇರಿಸಿದರೆ ಯಂತ್ರ ಏನನ್ನೂ ಮುಟ್ಟುವುದಿಲ್ಲ. ಏನು ಮಾಡಲಿದೆ ಎಂಬ ಪಟ್ಟಿಯನ್ನಷ್ಟೇ ಕೊಡುತ್ತದೆ. ಕಪ್ಪು ಪರದೆಯ ಮೇಲೆ ಸಾಲುಸಾಲಾಗಿ ಹೆಸರುಗಳು ಬರುತ್ತವೆ. ಪ್ರತಿ ಹೆಸರಿನ ಹಿಂದೆ ಚೌಕ ಆವರಣದಲ್ಲಿ ಒಂದು ಅಕ್ಷರ. ಎನ್ ಅಂತ ಇದ್ದರೆ ಅದು ಹೊಸದು. ಯು ಅಂತ ಇದ್ದರೆ ಹಳೆಯದರ ಜಾಗಕ್ಕೆ ಹೊಸ ಆವೃತ್ತಿ ಬರುತ್ತದೆ. ಆರ್ ಅಂತ ಇದ್ದರೆ ಇರುವುದನ್ನೇ ಮತ್ತೆ ಕಟ್ಟುತ್ತದೆ. ಈ ಪಟ್ಟಿಯನ್ನು ಪೂರ್ತಿ ಓದಬೇಕು. ಒಂದು ಚಿಕ್ಕ ಪ್ಲಗಿನ್, ಅಂದರೆ ಮುಖ್ಯ ತಂತ್ರಾಂಶಕ್ಕೆ ಸೇರಿಸುವ ಪುಟ್ಟ ಸಲಕರಣೆ, ಕೇಳಿದ್ದಕ್ಕೆ ಐವತ್ತು ಸಾಲು ಬಂದರೆ ಅಲ್ಲೇ ನಿಂತು ಯೋಚಿಸಬೇಕು. ಈ ಓದು ಐದು ನಿಮಿಷದ ಕೆಲಸ. ಒಂದು ಇಡೀ ದಿನವನ್ನು ಉಳಿಸುತ್ತದೆ.

ಇನ್ನೊಂದು ಅನುಕೂಲ ಯೂಸ್ ಫ್ಲ್ಯಾಗ್. ತಂತ್ರಾಂಶದಲ್ಲಿ ಯಾವ ಸೌಲಭ್ಯ ಬೇಕು, ಯಾವುದು ಬೇಡ ಎಂದು ಕಂಪೈಲ್ ಆಗುವ ಮೊದಲೇ ತಿಳಿಸುವ ಗುರುತು ಇದು. ಧ್ವನಿ ಕೆಲಸಕ್ಕೆ ಧ್ವನಿ ಸಾಗಿಸುವ ಜ್ಯಾಕ್ ಬೇಕು, ಸೌಂಡ್ ಕಾರ್ಡ್ ನಡೆಸುವ ಆಲ್ಸಾ ಬೇಕು, ಎಲ್‌ವಿ2 ಎಂಬ ಬಗೆಯ ಪ್ಲಗಿನ್‌ಗಳ ಬೆಂಬಲ ಬೇಕು ಎಂದು ಬರೆದಿಟ್ಟರೆ ಅವು ಸೇರಿಯೇ ತಂತ್ರಾಂಶ ಸಿದ್ಧವಾಗುತ್ತದೆ. ಬೇಡದ್ದನ್ನು ಬಿಟ್ಟರೆ ಹಳೆಯ ಕಂಪ್ಯೂಟರಿನ ಹೊರೆ ಇಳಿಯುತ್ತದೆ. ನಮ್ಮ ಮನೆಗಳಲ್ಲಿರುವುದು ಹೆಚ್ಚಾಗಿ ಹಳೆಯ ಲ್ಯಾಪ್‌ಟಾಪುಗಳೇ.

ಹಾಗಾದರೆ ಪೋರ್ಟೇಜ್ ಕಟ್ಟುತ್ತದೆ, ಪ್ರಿಟೆಂಡ್ ಮೊದಲೇ ಪಟ್ಟಿ ಕೊಡುತ್ತದೆ, ಯೂಸ್ ಫ್ಲ್ಯಾಗ್ ಬೇಕಾದ್ದನ್ನು ಆರಿಸುತ್ತದೆ. ಈಗ ಮುಖ್ಯ ಮಾತಿಗೆ ಬರುತ್ತೇನೆ. ಪ್ರಯೋಗದ ತಂತ್ರಾಂಶ.

ಗೆಂಟೂವಿನಲ್ಲಿ ತಂತ್ರಾಂಶಗಳು ಮೂರು ಬಗೆ. ಮೊದಲನೆಯದು ಸ್ಥಿರ. ಅದನ್ನು ಪರೀಕ್ಷಿಸಿ ಒಪ್ಪಿಯಾಗಿದೆ. ಎರಡನೆಯದು ಪರೀಕ್ಷೆಯಲ್ಲಿರುವುದು. ಅದು ಬಂದಿದೆ, ಸಾಕಷ್ಟು ಬಳಕೆ ಇನ್ನೂ ಆಗಿಲ್ಲ. ಮೂರನೆಯದು ಲೈವ್. ಇದರ ಆವೃತ್ತಿ ಸಂಖ್ಯೆಯನ್ನು ಸಾಮಾನ್ಯವಾಗಿ 9999 ಎಂದು ಬರೆಯುತ್ತಾರೆ. ಇದು ಬರೆಯುವವರ ಮೇಜಿನಿಂದ ಆ ಕ್ಷಣದ ಸೋರ್ಸನ್ನೇ ತರುತ್ತದೆ. ಬೆಳಗ್ಗೆ ಕಟ್ಟಿದ್ದು ಒಂದು, ಸಂಜೆ ಕಟ್ಟಿದ್ದು ಇನ್ನೊಂದು ಆಗಿರಬಹುದು. ಹೊಸ ಧ್ವನಿ ಸೌಲಭ್ಯಗಳು ಮೊದಲು ಕಾಣಿಸುವುದು ಈ ಎರಡನೆಯ, ಮೂರನೆಯ ಬಗೆಗಳಲ್ಲಿ. ಆದ್ದರಿಂದ ಪ್ರಯೋಗ ಬೇಡ ಅನ್ನಲಾಗದು. ಪ್ರಯೋಗಕ್ಕೆ ಬೇಲಿ ಬೇಕು. ನಾನು ಇವತ್ತು ಹೇಳಬೇಕೆಂದಿರುವುದು ಇದನ್ನೇ.

ನಮ್ಮ ಕಡೆಯ ಕೃಷಿಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಡಕೆಗೆ ಹಳದಿ ಎಲೆ ರೋಗ ಬಂದ ಮೇಲೆ ಈ ಮೂರೂ ತಾಲೂಕಿನವರು ಬೇರೆಬೇರೆ ಬೆಳೆಗಳನ್ನು ನೋಡಿದ್ದಾರೆ. ಹೊಸ ತಳಿ ಬಂತು ಅಂತ ಯಾರೂ ಇಡೀ ತೋಟವನ್ನು ಕಡಿದು ನೆಡಲಿಲ್ಲ. ಒಂದು ಮೂಲೆಯಲ್ಲಿ ನಾಲ್ಕು ಸಾಲು ಹಾಕಿ, ಎರಡು ಮಳೆಗಾಲ ನೋಡಿ, ಆಮೇಲೆ ಮುಂದುವರಿದರು. ಕಂಪ್ಯೂಟರಿನಲ್ಲೂ ಆ ವಿವೇಕವೇ ನಡೆಯಬೇಕು. ಗೆಂಟೂ ಅದಕ್ಕೆ ನಾಲ್ಕು ಬೇಲಿಗಳನ್ನು ಕೊಡುತ್ತದೆ.

ಮೊದಲ ಬೇಲಿ ತಾನಾಗಿಯೇ ಇದೆ. ಪೋರ್ಟೇಜ್ ಕಂಪೈಲ್ ಮಾಡುವುದು ಪ್ರತ್ಯೇಕವಾದ ಜಾಗದಲ್ಲಿ. ಅಲ್ಲಿ ನಡೆಯುವ ಕೆಲಸ ಹೊರಗಿನ ವ್ಯವಸ್ಥೆಯನ್ನು ಮುಟ್ಟದಂತೆ ಕಾವಲಿದೆ. ಅದಕ್ಕೆ ಸ್ಯಾಂಡ್‌ಬಾಕ್ಸ್ ಎನ್ನುತ್ತಾರೆ. ಎಲ್ಲ ಸರಿಯಾಗಿ ಮುಗಿದ ಮೇಲೆಯೇ ಕಡತಗಳು ವ್ಯವಸ್ಥೆಯೊಳಗೆ ಬರುತ್ತವೆ. ಅರ್ಧದಲ್ಲಿ ಕಂಪೈಲ್ ನಿಂತರೆ ಹಳೆಯ ಆವೃತ್ತಿ ಹಾಗೇ ಉಳಿದಿರುತ್ತದೆ.

ಎರಡನೆಯ ಬೇಲಿಯನ್ನು ನಾವು ಹಾಕಬೇಕು. ಪರೀಕ್ಷೆಯ ಆವೃತ್ತಿ ಬೇಕೆಂದು ಇಡೀ ವ್ಯವಸ್ಥೆಗೆ ಅನುಮತಿ ಕೊಡಬಾರದು. ಪ್ಯಾಕೇಜ್ ಆಕ್ಸೆಪ್ಟ್ ಕೀವರ್ಡ್ಸ್ ಎಂಬ ಕಡತದಲ್ಲಿ ಆ ಒಂದೇ ತಂತ್ರಾಂಶದ ಹೆಸರು ಬರೆಯಬೇಕು. ಸಾಧ್ಯವಾದರೆ ಆವೃತ್ತಿಯ ಸಂಖ್ಯೆಯನ್ನೂ ಬರೆಯಬೇಕು. ಆಗ ಉಳಿದದ್ದೆಲ್ಲ ಸ್ಥಿರವಾಗಿರುತ್ತದೆ, ಅದೊಂದು ಮಾತ್ರ ಹೊಸದು.

ಮೂರನೆಯ ಬೇಲಿ ಹೊರಗಿನ ಭಂಡಾರಗಳಿಗೆ. ಗೆಂಟೂವಿನ ಮುಖ್ಯ ಭಂಡಾರದಲ್ಲಿ ಎಲ್ಲ ಧ್ವನಿ ಪ್ಲಗಿನ್‌ಗಳೂ ಇರುವುದಿಲ್ಲ. ಬಳಕೆದಾರರೇ ನಡೆಸುವ ಭಂಡಾರಗಳಿವೆ. ಅವಕ್ಕೆ ಓವರ್‌ಲೇ ಎನ್ನುತ್ತಾರೆ. ಅವುಗಳಲ್ಲಿ ಗುರು ಎಂಬ ಭಂಡಾರ ಪ್ರಸಿದ್ಧ. ಅಂಥದ್ದನ್ನು ಸೇರಿಸಿಕೊಂಡ ಕೂಡಲೇ ಮಾಡಬೇಕಾದ ಕೆಲಸ ಒಂದಿದೆ. ಆ ಭಂಡಾರದ ಎಲ್ಲ ತಂತ್ರಾಂಶಗಳಿಗೂ ಪ್ಯಾಕೇಜ್ ಮಾಸ್ಕ್ ಕಡತದಲ್ಲಿ ತಡೆ ಹಾಕಿ. ಆಮೇಲೆ ಬೇಕಾದ ಒಂದೆರಡಕ್ಕೆ ಮಾತ್ರ ತಡೆ ತೆಗೆಯಿರಿ. ಹೀಗೆ ಮಾಡಿದರೆ ನೀವು ಕೇಳದ ವಸ್ತು ಅಲ್ಲಿಂದ ಒಳಗೆ ಬರುವುದಿಲ್ಲ.

ನಾಲ್ಕನೆಯ ಬೇಲಿ ಹಿಂದಕ್ಕೆ ಬರುವ ದಾರಿ. ಸರಿಯಾಗಿ ನಡೆಯುತ್ತಿರುವ ಆವೃತ್ತಿಯನ್ನು ಬದಲಾಯಿಸುವ ಮೊದಲು ಕ್ವಿಕ್ ಪ್ಯಾಕೇಜ್ ಎಂಬ ಆಜ್ಞೆ ಕೊಡಿ. ಇಂಗ್ಲಿಷಿನಲ್ಲಿ ಇದನ್ನು ಕ್ವಿಕ್ ಎಂದು ಬರೆದು ಪಿ ಕೆ ಜಿ ಸೇರಿಸುತ್ತಾರೆ. ಈಗ ಇರುವ ಆ ತಂತ್ರಾಂಶದ ಕಡತಗಳನ್ನು ಅದು ಒಂದು ಕಟ್ಟಾಗಿ ತೆಗೆದಿಡುತ್ತದೆ. ಹೊಸದು ಕೈಕೊಟ್ಟರೆ ಆ ಕಟ್ಟಿನಿಂದ ಕೆಲವೇ ನಿಮಿಷಗಳಲ್ಲಿ ಹಳೆಯದಕ್ಕೆ ಮರಳಬಹುದು. ಲೈವ್ ಆವೃತ್ತಿ ಬಳಸುವವರಿಗೆ ಇದು ಕಡ್ಡಾಯ. ನಿನ್ನೆಯ ಸೋರ್ಸ್ ಇವತ್ತು ಸುಲಭವಾಗಿ ಸಿಗದು.

ನಾಲ್ಕು ಬೇಲಿಗಳನ್ನು ಮತ್ತೊಮ್ಮೆ ಹೇಳುತ್ತೇನೆ. ಕಟ್ಟುವ ಜಾಗ ಬೇರೆ. ಅನುಮತಿ ಒಂದೇ ತಂತ್ರಾಂಶಕ್ಕೆ. ಹೊರಗಿನ ಭಂಡಾರಕ್ಕೆ ಮೊದಲು ತಡೆ. ಬದಲಾಯಿಸುವ ಮೊದಲು ಹಳೆಯದರ ಕಟ್ಟು. ಇನ್ನು ಧ್ವನಿಯ ವಿಷಯಕ್ಕೆ ಹೋಗೋಣ.

ಕಂಪ್ಯೂಟರ್ ಧ್ವನಿಯನ್ನು ತುಣುಕುತುಣುಕಾಗಿ ತೆಗೆದುಕೊಳ್ಳುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ 48 ಸಾವಿರ ಮಾದರಿಗಳು. ಅವುಗಳನ್ನು ಗುಂಪು ಮಾಡಿ ಬಫರ್ ಎಂಬ ತಾತ್ಕಾಲಿಕ ಜಾಗದಲ್ಲಿಟ್ಟು ಮುಂದೆ ಕಳಿಸುತ್ತದೆ. ಗುಂಪು 1024 ಮಾದರಿಗಳದಾದರೆ ಸುಮಾರು 21 ಮಿಲಿಸೆಕೆಂಡು ತಡ. 128 ಆದರೆ ಮೂರು ಮಿಲಿಸೆಕೆಂಡಿಗಿಂತ ಕಡಿಮೆ. ಗಾಳಿಯಲ್ಲಿ ಶಬ್ದ ಒಂದು ಮಿಲಿಸೆಕೆಂಡಿಗೆ ಹೆಚ್ಚುಕಡಿಮೆ ಒಂದಡಿ ಸಾಗುತ್ತದೆ. ಅಂದರೆ 21 ಮಿಲಿಸೆಕೆಂಡು ತಡವಾದರೆ ಹತ್ತಿರ ಕೂತ ಮದ್ದಲೆಗಾರರು ಇಪ್ಪತ್ತಕ್ಕೂ ಹೆಚ್ಚು ಅಡಿ ದೂರ ಸರಿದು ಕೂತಷ್ಟು ವ್ಯತ್ಯಾಸ. ಹಿಂದೆ ಮುದ್ರಿಸಿದ್ದನ್ನು ಕಿವಿಗೆ ಹಾಕಿಕೊಂಡು ಅದರ ಜೊತೆಗೆ ಹಾಡುವವರಿಗೆ ಈ ತಡ ತಾಳ ತಪ್ಪಿಸುತ್ತದೆ.

ಈ ತಡವನ್ನು ಕಡಿಮೆ ಮಾಡಲೆಂದೇ ಜ್ಯಾಕ್ ಎಂಬ ಧ್ವನಿ ವ್ಯವಸ್ಥೆ ಬಂತು. ಅದೂ ಪಾಲ್ ಡೇವಿಸ್ ಅವರಿಂದಲೇ ಶುರುವಾದದ್ದು. ಈಚೆಗೆ ವಿಮ್ ಟೇಮನ್ಸ್ ಆರಂಭಿಸಿದ ಪೈಪ್‌ವೈರ್ ಎಂಬ ಇನ್ನೊಂದು ಧ್ವನಿ ವ್ಯವಸ್ಥೆ ಬಂದಿದೆ. ಅದರ ಒಂದನೆಯ ಪೂರ್ಣ ಆವೃತ್ತಿ ಹೊರಬಂದದ್ದು 2023ರಲ್ಲಿ. ಲಿನಕ್ಸ್ ತಿರುಳಿನಲ್ಲೂ ಸಮಯಪಾಲನೆಯನ್ನು ಬಿಗಿ ಮಾಡುವ ತಿದ್ದುಪಡಿ ಸುಮಾರು ಇಪ್ಪತ್ತು ವರ್ಷ ಹೊರಗೇ ಬೆಳೆದು, 2024ರಲ್ಲಿ ಮುಖ್ಯ ತಿರುಳಿಗೆ ಸೇರಿತು. ಪ್ರಯೋಗ ಎಷ್ಟು ತಾಳ್ಮೆಯಿಂದ ಸ್ಥಿರವಾಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ.

ಬಫರನ್ನು ತೀರಾ ಚಿಕ್ಕದು ಮಾಡಿದರೆ ಹಳೆಯ ಯಂತ್ರಕ್ಕೆ ಸಮಯ ಸಾಲದು. ಆಗ ಧ್ವನಿ ಒಂದು ಕ್ಷಣ ಕಡಿಯುತ್ತದೆ. ಇದಕ್ಕೆ ಎಕ್ಸ್‌ರನ್ ಎನ್ನುತ್ತಾರೆ. ಕಿವಿಗೆ ಇದು ಟಕ್ ಎಂದು ಕೇಳಿಸುತ್ತದೆ. ಚಂಡೆಯ ಉರುಳಿಕೆಯ ನಡುವೆ ಬಂದರೆ ಪೆಟ್ಟು ಯಾವುದು, ದೋಷ ಯಾವುದು ಎಂದು ಗೊತ್ತಾಗದಷ್ಟು ಒಳಗೆ ಸೇರಿರುತ್ತದೆ. ಆಮೇಲೆ ತೆಗೆಯುವುದು ಕಷ್ಟ. ಅದಕ್ಕೇ ಒಂದು ಖಚಿತವಾದ ಸಲಹೆ. ಕೂಟವನ್ನು ಮುದ್ರಿಸುವಾಗ ತಡದ ಚಿಂತೆ ಬೇಡ. ಬಫರ್ ದೊಡ್ಡದಾಗಿರಲಿ, 1024 ಇರಲಿ. ಚಿಕ್ಕ ಬಫರ್ ಬೇಕಾಗುವುದು ಒಂದರ ಮೇಲೊಂದು ಹಾಡಿ ಸೇರಿಸುವಾಗ ಮಾತ್ರ. ಜೊತೆಗೆ ನಿಮ್ಮ ಬಳಕೆದಾರ ಹೆಸರನ್ನು ರಿಯಲ್‌ಟೈಮ್ ಗುಂಪಿಗೆ ಸೇರಿಸಿಕೊಳ್ಳಿ. ಆಗ ಯಂತ್ರ ಧ್ವನಿಯ ಕೆಲಸಕ್ಕೆ ಮೊದಲ ಸರದಿ ಕೊಡುತ್ತದೆ.

ಬೇಲಿಗಳ ಮಾತಾಯಿತು, ಬಫರಿನ ಮಾತಾಯಿತು. ಇನ್ನು ನಮ್ಮೂರಿನ ಮಳೆ, ಕರೆಂಟು, ನೆಟ್ಟು.

ಆಷಾಢದ ಜಡಿಮಳೆಯಲ್ಲಿ ಮರ ಬಿದ್ದು ಲೈನು ಹೋದರೆ ಕರೆಂಟು ಎರಡು ದಿನ ಬರದಿರಬಹುದು. ದೊಡ್ಡ ತಂತ್ರಾಂಶ ಕಂಪೈಲ್ ಆಗಲು ಗಂಟೆಗಟ್ಟಲೆ ಬೇಕು. ನಡುವೆ ನಿಂತರೆ ಎಮರ್ಜ್ ಆಜ್ಞೆಗೆ ರೆಸ್ಯೂಮ್ ಸೇರಿಸಿ ಮುಂದುವರಿಸಬಹುದು. ಮುಗಿದ ಪ್ಯಾಕೇಜುಗಳು ಮುಗಿದಂತೆಯೇ. ಅರ್ಧವಾದ ಒಂದು ಮಾತ್ರ ಮೊದಲಿನಿಂದ ಶುರುವಾಗುತ್ತದೆ. ಕಂಪೈಲ್ ಆದ ಭಾಗಗಳನ್ನು ನೆನಪಿಟ್ಟುಕೊಳ್ಳುವ ಸಿ ಕ್ಯಾಶ್ ಹಾಕಿಕೊಂಡಿದ್ದರೆ ಅದೂ ಬೇಗ ಮುಗಿಯುತ್ತದೆ. ಏಕಕಾಲಕ್ಕೆ ನಡೆಯುವ ಪ್ರತಿ ಕಂಪೈಲ್ ಕೆಲಸಕ್ಕೂ ಸುಮಾರು 2 ಜಿಬಿ ಮೆಮೊರಿ ಬೇಕು ಎಂಬ ಲೆಕ್ಕವಿದೆ. 4 ಜಿಬಿ ಯಂತ್ರದಲ್ಲಿ ಎರಡು ಕೆಲಸ ಸಾಕು.

ಎಲ್ಲವನ್ನೂ ಸೋರ್ಸಿನಿಂದಲೇ ಕಟ್ಟಬೇಕೆಂಬ ಹಟವೂ ಬೇಡ. 2023ರ ಕೊನೆಯಲ್ಲಿ ಗೆಂಟೂ ತಂಡವೇ ಸಿದ್ಧ ಪ್ಯಾಕೇಜುಗಳನ್ನು ದೊಡ್ಡ ಮಟ್ಟದಲ್ಲಿ ಕೊಡಲು ಶುರುಮಾಡಿತು. ಬ್ರೌಸರ್, ಕಂಪೈಲರಿನಂಥ ಭಾರದ ವಸ್ತುಗಳನ್ನು ಸಿದ್ಧರೂಪದಲ್ಲಿ ತನ್ನಿ. ಧ್ವನಿಗೆ ಸಂಬಂಧಿಸಿದ್ದನ್ನು ಮಾತ್ರ ಕಟ್ಟಿಕೊಳ್ಳಿ.

ನೆಟ್ಟು ಸಿಗದ ಹಳ್ಳಿಯವರಿಗೂ ದಾರಿ ಇದೆ. ಪ್ರಿಟೆಂಡ್ ಜೊತೆಗೆ ಫೆಚ್ ಓನ್ಲಿ ಎಂಬ ಸೂಚನೆ ಕೊಟ್ಟರೆ ಯಾವ ಸೋರ್ಸ್ ಕಡತ ಎಲ್ಲಿಂದ ತರಬೇಕು ಎಂಬ ವಿಳಾಸಗಳ ಪಟ್ಟಿ ಸಿಗುತ್ತದೆ. ಆ ಪಟ್ಟಿ ಹಿಡಿದು ಕೊಪ್ಪ ಪೇಟೆಗೋ ಶೃಂಗೇರಿಗೋ ಹೋದಾಗ ಪೆನ್ ಡ್ರೈವಿಗೆ ಇಳಿಸಿಕೊಂಡು ಬನ್ನಿ. ಮನೆಗೆ ಬಂದು ಡಿಸ್ಟ್‌ಫೈಲ್ಸ್ ಎಂಬ ಫೋಲ್ಡರಿಗೆ ಹಾಕಿ. ಕಡತ ದಾರಿಯಲ್ಲಿ ಕೆಟ್ಟಿದೆಯೇ, ಯಾರಾದರೂ ಬದಲಿಸಿದ್ದಾರೆಯೇ ಎಂದು ಪೋರ್ಟೇಜ್ ತಾಳೆ ನೋಡಿಯೇ ಬಳಸುತ್ತದೆ. ಲೈವ್ ಆವೃತ್ತಿಗೆ ಈ ತಾಳೆ ಇಲ್ಲ, ಅದು ನೇರವಾಗಿ ನೆಟ್ಟಿನಿಂದಲೇ ಬರಬೇಕು. ನೆಟ್ಟು ದುರ್ಬಲವಾಗಿರುವಲ್ಲಿ ಲೈವ್ ಆವೃತ್ತಿ ಬೇಡ.

ಕರೆಂಟು ಹೋದರೆ ರೆಸ್ಯೂಮ್, ಭಾರದ್ದಕ್ಕೆ ಸಿದ್ಧ ಪ್ಯಾಕೇಜು, ನೆಟ್ಟಿಲ್ಲದಿದ್ದರೆ ಪೆನ್ ಡ್ರೈವು. ಇಷ್ಟಾದ ಮೇಲೆ ಉಳಿದದ್ದು ಎಲ್ಲಕ್ಕಿಂತ ಅಮೂಲ್ಯವಾದದ್ದು. ಮುದ್ರಿಸಿದ ಧ್ವನಿ.

ತಂತ್ರಾಂಶ ಕೆಟ್ಟರೆ ಮತ್ತೆ ಕಟ್ಟಬಹುದು. ಎಂಬತ್ತು ದಾಟಿದ ಭಾಗವತರ ಆ ದಿನದ ಏರುಪದ್ಯ ಮತ್ತೆ ಸಿಗುವುದಿಲ್ಲ. ಆದ್ದರಿಂದ ಮೂಲ ಮುದ್ರಣಕ್ಕೆ ಪ್ರಯೋಗದ ತಂತ್ರಾಂಶವನ್ನು ಬಳಸಬೇಡಿ. ಮುದ್ರಿಸುವುದು ಯಾವಾಗಲೂ ಸ್ಥಿರ ಆವೃತ್ತಿಯಲ್ಲಿ. ಆರ್ಡರ್ ಸಾಮಾನ್ಯವಾಗಿ ಮುದ್ರಿಸುವ ಗುಣಮಟ್ಟದಲ್ಲಿ ನಾಲ್ಕು ಮೈಕು, ನಾಲ್ಕು ಗಂಟೆಯ ತಾಳಮದ್ದಲೆಗೆ ಸುಮಾರು 11 ಜಿಬಿ ಜಾಗ ಬೇಕು. ಅದರ ಎರಡು ಪ್ರತಿ ಮಾಡಿ. ಒಂದು ನಿಮ್ಮಲ್ಲಿ, ಇನ್ನೊಂದು ಬೇರೆ ಊರಿನ ಬೇರೆ ಮನೆಯಲ್ಲಿ. ಪ್ರಯೋಗ ನಡೆಯಬೇಕಾದದ್ದು ಮೂರನೆಯ ಪ್ರತಿಯ ಮೇಲೆ.

ಒಂದು ಉದಾಹರಣೆ ಕೊಡುತ್ತೇನೆ. ನಾಯ್ಸ್ ರಿಪೆಲೆಂಟ್ ಎಂಬ ಮುಕ್ತ ಪ್ಲಗಿನ್ ಇದೆ. ಬೇಡದ ಸದ್ದನ್ನು ಮೊದಲು ಅದಕ್ಕೆ ಕೇಳಿಸಬೇಕು. ಆ ಸದ್ದಿನ ಗುಣವನ್ನು ಕಲಿತು, ಉಳಿದ ಮುದ್ರಣದಿಂದ ಅದನ್ನು ಇಳಿಸುತ್ತದೆ. ಅದಕ್ಕಾಗಿ ಪದ ಶುರುವಾಗುವ ಮೊದಲು ಹತ್ತು ಸೆಕೆಂಡು ಎಲ್ಲರೂ ಸುಮ್ಮನಿದ್ದು, ಬರಿಯ ಮಳೆ ಸದ್ದನ್ನೇ ಮುದ್ರಿಸಿಕೊಳ್ಳಿ. ಫ್ಯಾನಿನ, ಯುಪಿಎಸ್ಸಿನ ಒಂದೇ ಸಮನಾದ ಗುಂಯ್ ಸದ್ದು ಇದರಿಂದ ಚೆನ್ನಾಗಿ ಇಳಿಯುತ್ತದೆ. ಹೆಂಚಿನ ಮಾಡಿನ ಮೇಲೆ ಹೆಚ್ಚುತ್ತಾ ತಗ್ಗುತ್ತಾ ಬರುವ ಮಳೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಜಾಸ್ತಿ ಒತ್ತಾಯಿಸಿದರೆ ಚಂಡೆಯ ಪೆಟ್ಟಿನ ಮೊನೆ ಹೋಗುತ್ತದೆ, ತಾಳದ ನಾದದ ಬಾಲ ಕತ್ತರಿಸಿಹೋಗುತ್ತದೆ. ಸ್ವಲ್ಪ ಮಳೆ ಉಳಿಯಲಿ. ತಾಳ ಪೂರ್ತಿ ಕೇಳಲಿ. ಮೂಲ ಪ್ರತಿ ಭದ್ರವಾಗಿದ್ದರೆ ಮುಂದೆ ಇನ್ನೂ ಉತ್ತಮ ತಂತ್ರಾಂಶ ಬಂದಾಗ ಮತ್ತೆ ಪ್ರಯತ್ನಿಸಬಹುದು.

ಕೊನೆಯ ಅಂಶ. ಈ ಕೆಲಸವನ್ನು ಒಬ್ಬೊಬ್ಬರೇ ಮಾಡಬೇಕಾಗಿಲ್ಲ.

ಇದಕ್ಕೊಂದು ಹಳೆಯ ಮಾದರಿ ಇದೆ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಪ್ರಸಾರ ಆರಂಭಿಸಿದರು. ಅವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಆಕಾಶವಾಣಿ ಎಂಬ ಹೆಸರು ಆ ನಿಲಯದ್ದೇ. ಪ್ರಯೋಗ ಒಂದು ಮನೆಯ ಮಿತಿಯೊಳಗೆ ನಡೆಯಿತು. ಆಮೇಲೆ ಅದನ್ನು ಮೈಸೂರು ಸಂಸ್ಥಾನ ವಹಿಸಿಕೊಂಡಿತು. ಒಬ್ಬರ ಪ್ರಯೋಗ ಹೀಗೆ ಎಲ್ಲರ ಸ್ವತ್ತಾಯಿತು.

ನಮ್ಮ ಮೂರು ತಾಲೂಕುಗಳಲ್ಲೂ ಕಾಲೇಜುಗಳಿವೆ. ಒಂದು ಕಾಲೇಜಿನ ಒಂದು ಒಳ್ಳೆಯ ಯಂತ್ರದಲ್ಲಿ ಧ್ವನಿ ತಂತ್ರಾಂಶಗಳನ್ನು ಕಂಪೈಲ್ ಮಾಡಿ, ಬಿಲ್ಡ್ ಪ್ಯಾಕೇಜ್ ಎಂಬ ಸೂಚನೆಯಿಂದ ಕಟ್ಟುಗಳಾಗಿ ಇಟ್ಟರೆ, ಉಳಿದವರು ಅವನ್ನೇ ನೇರವಾಗಿ ಹಾಕಿಕೊಳ್ಳಬಹುದು. ಒಂದೇ ಎಚ್ಚರಿಕೆ. ಗೆಂಟೂವಿನಲ್ಲಿ ಕಂಪೈಲರಿಗೆ ಕೊಡುವ ಮಾರ್ಚ್ ನೇಟಿವ್ ಎಂಬ ಸೂಚನೆ ಇದೆ. ಅದು ಆ ಒಂದೇ ಪ್ರೊಸೆಸರಿಗೆ ಹೊಂದುವಂತೆ ಕಟ್ಟುತ್ತದೆ. ಹಂಚಲು ಕಟ್ಟುವಾಗ ಅದನ್ನು ಬಿಡಬೇಕು. ಗುಂಪಿನಲ್ಲಿ ಎಲ್ಲಕ್ಕಿಂತ ಹಳೆಯ ಯಂತ್ರ ಯಾವುದೋ, ಅದಕ್ಕೆ ಹೊಂದುವ ಮಟ್ಟ ಇಟ್ಟುಕೊಳ್ಳಬೇಕು. ಆಗ ಬಡ ವಿದ್ಯಾರ್ಥಿಯ ಹಳೆಯ ಲ್ಯಾಪ್‌ಟಾಪಿನಲ್ಲೂ ಅದು ನಡೆಯುತ್ತದೆ.

ಹೊಸ ಆವೃತ್ತಿಯನ್ನು ಮೊದಲು ಒಬ್ಬರು ನೋಡಲಿ. ಒಂದು ತಿಂಗಳು ಬಳಸಲಿ. ಸರಿ ಕಂಡರೆ ಗುಂಪಿಗೆ ಕೊಡಲಿ. ದೋಷ ಕಂಡರೆ ಅದನ್ನು ಬರೆದವರಿಗೆ ತಿಳಿಸಲಿ. ಯಾವ ಆವೃತ್ತಿ, ಯಾವ ಯೂಸ್ ಫ್ಲ್ಯಾಗ್, ಏನು ಮಾಡಿದಾಗ ಏನಾಯಿತು ಎಂದು ಸ್ಪಷ್ಟವಾಗಿ ಬರೆದರೆ ಮಲೆನಾಡಿನ ಒಂದು ಹಳ್ಳಿಯಿಂದ ಹೋದ ಪತ್ರದಿಂದಲೂ ಜಗತ್ತಿನ ತಂತ್ರಾಂಶ ಸುಧಾರಿಸುತ್ತದೆ. ಮುಕ್ತ ತಂತ್ರಾಂಶಕ್ಕೆ ನಾವು ಕೊಡಬಹುದಾದ ಬಾಡಿಗೆ ಇದು.

ಕೇಳುಗ ಬಂಧುಗಳೇ, ಯುವಕ ಯುವತಿಯರಿಗೆ ನನ್ನದೊಂದು ಮನವಿ. ಮುಂದಿನ ದೀಪಾವಳಿಗೆ ಅಂಟಿಗೆ ಪಂಟಿಗೆಯವರು ನಿಮ್ಮೂರಿಗೆ ಬರುವಷ್ಟರಲ್ಲಿ ಒಂದು ಸ್ಥಿರ ವ್ಯವಸ್ಥೆಯನ್ನು ಸಿದ್ಧ ಮಾಡಿಕೊಳ್ಳಿ. ಹಾಡುವವರ ಒಪ್ಪಿಗೆ ಕೇಳಿ. ಅವರ ಹೆಸರು, ಊರು, ದಿನಾಂಕ ಬರೆದುಕೊಂಡು ಮುದ್ರಿಸಿ. ಎರಡು ಪ್ರತಿ ಮಾಡಿ. ಮೊದಲ ಪ್ರತಿಯನ್ನು ಹಾಡಿದವರ ಮನೆಗೇ ಕೊಟ್ಟು ಬನ್ನಿ. ಆಮೇಲೆ ಎಷ್ಟು ಬೇಕಾದರೂ ಪ್ರಯೋಗ ಮಾಡಿ.